ಲಿಪಿ ಇಲ್ಲದಿದ್ರೆ ಭಾಷೆ ಅಲ್ವಾ? ಜಾರ್ಜಿಯನ್, ಜುಲು ಮತ್ತು ನಮ್ಮ ತಾಂಡಾದ ಮಾತು

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ‘ಮಾಮ’ ಅಂದ್ರೆ ಯಾರು? ಕನ್ನಡದಲ್ಲಿ ಅಮ್ಮನ ಅಣ್ಣನೋ ತಮ್ಮನೋ ಆಗಿರ್ತಾರೆ. ಜುಲು ಭಾಷೆಯಲ್ಲಿ ‘ಉಮಾಮಾ’ ಅಂದ್ರೆ ತಾಯಿ. ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಅಂದ್ರೆ ತಂದೆ! ತಾಯಿಗೆ ಅವರು ‘ದೆದಾ’ ಅಂತಾರೆ. ಸದ್ದು ಹೆಚ್ಚುಕಡಿಮೆ ಒಂದೇ, ಸಂಬಂಧ ಮೂರು. ಒಂದೆರಡು ಪದ ಒಂದೇ ಥರ ಕೇಳಿಸಿದ ಮಾತ್ರಕ್ಕೆ ಎರಡು ಭಾಷೆಗಳು ನೆಂಟರು ಅಂತ ತೀರ್ಮಾನ ಮಾಡೋಕಾಗಲ್ಲ.

ಜಾರ್ಜಿಯನ್ ಕಾಕಸಸ್ ಬೆಟ್ಟಗಳ ಕಡೆಯ ಭಾಷೆ, ಜುಲು ದಕ್ಷಿಣ ಆಫ್ರಿಕಾದ್ದು. ದೋಣಿಮಲೈ ಪಕ್ಕದ ತಾಂಡಾದಲ್ಲಿ ಹುಟ್ಟಿದ ನನಗೂ ಇವಕ್ಕೂ ಏನು ಸಂಬಂಧ ಅಂತೀರಾ? ಹೇಳ್ತೀನಿ.

ನಮ್ಮ ಮನೆಮಾತು ಗೋರ್ ಬೋಲಿ, ಅಂದ್ರೆ ಲಂಬಾಣಿ. ಶಾಲೆಯಲ್ಲಿ ಮೇಷ್ಟ್ರೊಬ್ಬರು ನಮಗೆ ಹೇಳ್ತಿದ್ದ ಮಾತು ಇದು: “ನಿಮ್ಮದು ಭಾಷೆ ಅಲ್ಲ ಕಣ್ರೋ. ಲಿಪಿನೇ ಇಲ್ಲ. ಹಿಂದಿನೂ ಕನ್ನಡನೂ ಕಲಸಿ ಮಾತಾಡ್ತೀರಿ.” ಇದರಲ್ಲಿ ಎರಡು ಆರೋಪ ಇವೆ. ಲಿಪಿ ಇಲ್ಲ ಅನ್ನೋದು ಒಂದು, ಕಲಬೆರಕೆ ಅನ್ನೋದು ಇನ್ನೊಂದು. ಜಾರ್ಜಿಯನ್ ಮತ್ತು ಜುಲು ಅಕ್ಕಪಕ್ಕ ಇಟ್ಟು ನೋಡಿದ್ರೆ ಎರಡಕ್ಕೂ ಉತ್ತರ ಸಿಗುತ್ತೆ.

ಮೊದಲು ಲಿಪಿ. ಜಾರ್ಜಿಯನ್ನಿಗೆ ತನ್ನದೇ ಲಿಪಿ ಇದೆ, ಈಗ ಬಳಕೆಯಲ್ಲಿರೋದು 33 ಅಕ್ಷರ. ಜುಲುಗೆ ಸ್ವಂತ ಲಿಪಿ ಬಳಕೆಯಲ್ಲಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲೇ ಬರೀತಾರೆ. ಯಾರಿಗಾದರೂ ಕಷ್ಟ ಬಂತು ಅಂದ್ರೆ ನಾವು ‘ಛೆ’ ಅಂತ ಲೊಚಗುಟ್ಟುತ್ತೀವಲ್ಲ, ಅಂಥ ಸದ್ದುಗಳು ಜುಲುವಿನಲ್ಲಿ ಪದದ ಒಳಗೇ ಬರುವ ವ್ಯಂಜನಗಳು. ಅವನ್ನ ಬರೆಯೋಕೆ ಸಿ, ಕ್ಯೂ, ಎಕ್ಸ್ ಅಕ್ಷರಗಳನ್ನೇ ಬಳಸಿಕೊಂಡಿದ್ದಾರೆ. ಇವತ್ತು ಜುಲು ಮನೆಮಾತಾಗಿರೋರು ಒಂದು ಕೋಟಿಗೂ ಹೆಚ್ಚು. ದಕ್ಷಿಣ ಆಫ್ರಿಕಾದ ಅಧಿಕೃತ ಭಾಷೆಗಳಲ್ಲಿ ಅದೂ ಒಂದು. ಅದನ್ನ ಯಾರೂ ಭಾಷೆ ಅಲ್ಲ ಅನ್ನಲ್ಲ.

ನಮ್ಮದೂ ಹಾಗೇನೇ. ಕರ್ನಾಟಕದ ಲಂಬಾಣಿಗಳು ಕನ್ನಡ ಅಕ್ಷರದಲ್ಲಿ ಬರೀತೀವಿ, ತೆಲಂಗಾಣದವರು ತೆಲುಗಿನಲ್ಲಿ, ಮಹಾರಾಷ್ಟ್ರದವರು ದೇವನಾಗರಿಯಲ್ಲಿ. ಲಿಪಿ ಅಂದ್ರೆ ಬಟ್ಟೆ ಇದ್ದಂಗೆ. ಬಟ್ಟೆ ಯಾರದಾದ್ರೂ ಆಗಲಿ, ಮೈ ನಮ್ಮದೇ ತಾನೇ?

ಈಗ ಕಲಬೆರಕೆ. ಜುಲುವಿನ ಆ ಲೊಚಗುಟ್ಟುವ ಸದ್ದುಗಳು ಅದರ ಹುಟ್ಟಿನಿಂದ ಬಂದವಲ್ಲ. ಜುಲು ಬಂಟು ಕುಟುಂಬದ ಭಾಷೆ. ಆ ಕುಟುಂಬದ ಬಹುಪಾಲು ಭಾಷೆಗಳಲ್ಲಿ ಈ ಸದ್ದುಗಳಿಲ್ಲ. ನೆರೆಯಲ್ಲಿದ್ದ ಖೋಯ್ ಮತ್ತು ಸಾನ್ ಜನರ ಜೊತೆ ಬಾಳಿ, ಮದುವೆ-ಸಂಬಂಧ ಬೆಳೆಸಿ ಪಡೆದುಕೊಂಡಿದ್ದು. ನೆರೆಯವರಿಂದ ತಗೊಂಡ್ರೆ ಭಾಷೆ ಕೆಡುತ್ತೆ ಅನ್ನೋದಾದ್ರೆ ಕನ್ನಡದ ಕಚೇರಿ, ಜಮೀನು, ಬಸ್ಸು ಎಲ್ಲವನ್ನೂ ವಾಪಸ್ ಕೊಡಬೇಕಾಗುತ್ತೆ.

ಸರಿ, ಕನ್ನಡ ಮತ್ತು ಲಂಬಾಣಿಯನ್ನೇ ಜೊತೆಗಿಟ್ಟು ನೋಡೋಣ. ‘ನಿನ್ನ ಹೆಸರು ಏನು?’ ಅನ್ನೋದಕ್ಕೆ ನಾವು ‘ತಾರೋ ನಾಮ್ ಕಾಂಯಿ?’ ಅಂತೀವಿ. ಪದಗಳು ಬಂದ ಮನೆ ಬೇರೆ, ಕೂತಿರೋ ಸಾಲು ಒಂದೇ. ಕನ್ನಡ ದ್ರಾವಿಡ ಕುಟುಂಬದ್ದು. ದೋಣಿಮಲೈ ಹೆಸರಿನ ‘ಮಲೈ’ ತಮಿಳಿನಲ್ಲೂ ಇದೆ, ಕನ್ನಡದಲ್ಲಿ ಅದೇ ‘ಮಲೆ’. ಇದು ನೆಂಟಸ್ತನ. ಲಂಬಾಣಿಯ ನೆಂಟರು ರಾಜಸ್ಥಾನ, ಗುಜರಾತ್ ಕಡೆ ಇದ್ದಾರೆ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ನಮ್ಮ ಹಿರಿಯರು ದಕ್ಷಿಣಕ್ಕೆ ಬಂದರು, ಜೊತೆಗೆ ಮಾತನ್ನೂ ತಂದರು.

ಆ ಮಾತಿಗೆ ಅದರದ್ದೇ ಕಟ್ಟುನಿಟ್ಟು ಇದೆ. ಕನ್ನಡದಲ್ಲಿ ‘ನನ್ನ ಅಪ್ಪ’, ‘ನನ್ನ ಅವ್ವ’ ಅನ್ನುವಾಗ ‘ನನ್ನ’ ಬದಲಾಗಲ್ಲ. ನಮ್ಮಲ್ಲಿ ‘ಮಾರೋ ಬಾಪ್’, ಆದ್ರೆ ‘ಮಾರಿ ಯಾಡಿ’. ಮುಂದಿನ ಪದ ಗಂಡೋ ಹೆಣ್ಣೋ ನೋಡಿ ‘ನನ್ನ’ ಬದಲಾಗುತ್ತೆ. ಇನ್ನೊಂದು ಕೇಳಿ. ಈಗಿನ ಕನ್ನಡದಲ್ಲಿ ‘ನಾವು’ ಒಂದೇ. ನಮ್ಮಲ್ಲಿ ಎರಡಿವೆ: ಎದುರಿಗಿರೋ ನಿಮ್ಮನ್ನ ಬಿಟ್ಟು ‘ನಾವು’ ಅನ್ನೋಕೆ ‘ಹಮ್’, ನಿಮ್ಮನ್ನೂ ಸೇರಿಸಿಕೊಂಡು ಅನ್ನೋಕೆ ‘ಆಪಣ್’. ಹರಕುಮುರುಕು ಮಾತಿನಲ್ಲಿ ಇಷ್ಟು ಸೂಕ್ಷ್ಮ ಇರುತ್ತಾ, ನೀವೇ ಹೇಳಿ.

ಆದ್ರೆ ಲೆಕ್ಕದ ಪುಸ್ತಕದಲ್ಲಿ ನಾವೆಲ್ಲಿದ್ದೀವಿ? 2011ರ ಜನಗಣತಿಯಲ್ಲಿ ಲಮಾಣಿ, ಲಂಬಾಡಿ ಅಂತ ಮಾತೃಭಾಷೆ ಬರೆಸಿದವರು ಸುಮಾರು 32 ಲಕ್ಷ. ಅಷ್ಟೂ ಜನರನ್ನ ಸೇರಿಸಿರೋದು ಹಿಂದಿಯ ಕೆಳಗೆ. ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ನಮ್ಮದಿಲ್ಲ. 2014ರ ಗಣತಿಯಲ್ಲಿ ಇಡೀ ಜಾರ್ಜಿಯಾ ದೇಶದ ಜನಸಂಖ್ಯೆ ಸುಮಾರು 37 ಲಕ್ಷ ಇತ್ತು ಅನ್ನೋದು ನೆನಪಿರಲಿ. ಸೋವಿಯತ್ ಕಾಲದಲ್ಲಿ ಜಾರ್ಜಿಯನ್ನಿನ ರಾಜ್ಯಭಾಷೆ ಸ್ಥಾನ ತೆಗೆಯೋಕೆ ಹೊರಟಾಗ, 1978ರ ಏಪ್ರಿಲ್ 14ರಂದು ಟಿಬಿಲಿಸಿ ನಗರದಲ್ಲಿ ಸಾವಿರಾರು ಜನ ಬೀದಿಗಿಳಿದರು. ಸರ್ಕಾರ ಹಿಂದೆ ಸರೀತು. ಆ ದಿನವನ್ನ ಅವರು ಈಗಲೂ ಭಾಷೆಯ ದಿನವಾಗಿ ಆಚರಿಸ್ತಾರೆ.

ನಮ್ಮ ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ ನಮ್ಮ ಹೆಣ್ಣುಮಕ್ಕಳು ಹೊಲಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಖುಷಿನೇ. ಆದ್ರೆ ಆ ಹೊಲಿಗೆ ಹಾಕ್ತಾ ಅವರು ಆಡೋ ಮಾತು ಮಾತ್ರ ಹಿಂದಿಯ ಲೆಕ್ಕಕ್ಕೆ!

ಇತ್ತ ಮನೆಯೊಳಗೂ ಮಾತು ಕರಗ್ತಿದೆ. 1977ರಲ್ಲಿ ದೋಣಿಮಲೈನಲ್ಲಿ ಎನ್‌ಎಂಡಿಸಿ ಗಣಿ ಶುರುವಾದ ಮೇಲೆ ಟೌನ್‌ಶಿಪ್ ಬಂತು, ಬೇರೆ ಬೇರೆ ರಾಜ್ಯದವರು ಬಂದರು. ಕೆಲಸಕ್ಕೆ ಕನ್ನಡ ಬೇಕು, ಹಿಂದಿ ಬೇಕು, ಈಗ ಇಂಗ್ಲಿಷೂ ಬೇಕು. ಬೇಕೇ ಬೇಕು, ನಾನೂ ಕಲಿತಿದ್ದೀನಿ, ನಿಮ್ಮ ಜೊತೆ ಈಗ ಮಾತಾಡ್ತಿರೋದೂ ಕನ್ನಡದಲ್ಲೇ. ಆದ್ರೆ ಅಜ್ಜಿ ಲಂಬಾಣಿಯಲ್ಲಿ ಕೇಳಿದ್ರೆ ಮೊಮ್ಮಕ್ಕಳು ಕನ್ನಡದಲ್ಲಿ ಉತ್ತರ ಕೊಡ್ತಾರೆ. ಅವರ ಮಕ್ಕಳಿಗೆ ಪ್ರಶ್ನೆನೇ ಅರ್ಥ ಆಗದಿದ್ರೆ?

ಒಂದು ಕೆಲಸ ಇದೆ, ಖರ್ಚಿಲ್ಲದ್ದು. ನಿಮ್ಮ ಮನೆಮಾತು ತುಳು, ಬ್ಯಾರಿ, ಕೊಡವ, ಲಂಬಾಣಿ, ಯಾವುದೇ ಇರಲಿ. ಈ ಎಪಿಸೋಡ್ ಮುಗಿದ ಮೇಲೆ ಫೋನಿನ ರೆಕಾರ್ಡರ್ ಆನ್ ಮಾಡಿ, ಮನೆಯ ಹಿರಿಯರ ಪಕ್ಕ ಹತ್ತು ನಿಮಿಷ ಕೂತ್ಕೊಳ್ಳಿ. ಅಡುಗೆ, ಬಿತ್ತನೆ, ಮದುವೆ, ಬೈಗುಳ, ಏನಾದ್ರೂ ಕೇಳಿ. ಅವರು ಕೇಳಿದ್ದಕ್ಕೆ ಅದೇ ಮಾತಿನಲ್ಲಿ ಉತ್ತರ ಕೊಡಿ. ಮುಂದಿನ ಜನಗಣತಿಯವರು ಮನೆಗೆ ಬಂದು ಮಾತೃಭಾಷೆ ಯಾವುದು ಅಂತ ಕೇಳಿದಾಗ, ಸಂಕೋಚ ಇಲ್ಲದೆ ಅದರ ಹೆಸರನ್ನೇ ಬರೆಸಿ.