ಚೀಲ ತೆಗೆಸುವ ಮೊದಲು

ಬಿ.ಎ. ಓದೋ ಹುಡುಗಿ ದವಾಖಾನಿ ಮಾತು ಯಾಕ ಆಡ್ತಾಳ ಅನ್ನಬ್ಯಾಡ್ರಿ. ದೊಡ್ಡವ್ವನ ಸಂಗಾಟ ಸೊಲ್ಲಾಪುರಕ್ಕ ಓಡಾಡಿದಾಕಿ ನಾನೇ. ಮುಟ್ಟು ನಿಂತು ಎಂಟು ವರ್ಷದ ಮ್ಯಾಲೆ ಆಕಿಗೆ ಮತ್ತ ರಕ್ತ ಹೋಗಾಕ ಹತ್ತಿತ್ತು. ಚೂರು ತೆಗೆದು ಪರೀಕ್ಷೆ ಮಾಡಿದಾಗ ಗರ್ಭಕಂಠದ ಕ್ಯಾನ್ಸರ್ ಎಂದು ಗೊತ್ತಾಯಿತು. “ಚೀಲ ತೆಗೆಸಿಬಿಡ್ರಿ, ಮುಗೀತು” ಅಂದರು ಓಣಿಯವರು. ಡಾಕ್ಟರಬಾಯಿ ಮಾತ್ರ ಮೊದಲು ಎಂ.ಆರ್.ಐ. ಆಗಲಿ ಅಂದರು.

ಇದರಾಗ ಎಕ್ಸರೇ ಇಲ್ಲ, ದೊಡ್ಡ ಅಯಸ್ಕಾಂತ ಇರತದ. ತಾಳಿ, ಕಾಲುಂಗುರ ತೆಗಿ ಅಂದಾಗ ದೊಡ್ಡವ್ವ ಅತ್ತಳು. ದೊಡ್ಡಪ್ಪನೇ ಬಿಚ್ಚಿ ಜೇಬಿನಾಗ ಇಟ್ಟುಕೊಂಡ.

ಗಡ್ಡೆ 4 ಸೆಂಟಿಮೀಟರ್ ಮೀರಿದೆಯೋ, ಕಂಠ ದಾಟಿ ಪಕ್ಕದ ಮಾಂಸಕ್ಕೆ ಹೋಗಿದೆಯೋ, ಮೂತ್ರಚೀಲ ಮುಟ್ಟಿದೆಯೋ, ಇದೆಲ್ಲ ಆ ಚಿತ್ರದಲ್ಲಿ ಕಾಣುತ್ತದೆ. ಮೊದಲೆಲ್ಲ ಹಂತವನ್ನು ಹೆಚ್ಚಾಗಿ ಕೈಯಿಂದ ತಪಾಸಣೆ ಮಾಡಿಯೇ ಹೇಳುತ್ತಿದ್ದರು. 2018ರ ಅಂತರರಾಷ್ಟ್ರೀಯ ನಿಯಮ ಸ್ಕ್ಯಾನನ್ನೂ ಒಪ್ಪಿತು. ಸಣ್ಣ ಗಡ್ಡೆ, ಕಂಠದೊಳಗೇ ಇದ್ದರೆ ಆಪರೇಷನ್. ಪಕ್ಕಕ್ಕೆ ಹರಡಿದ್ದರೆ ಸಾಮಾನ್ಯವಾಗಿ ರೇಡಿಯೇಷನ್, ನಮ್ಮವರು ಕರೆಂಟು ಅಂತಾರಲ್ಲ, ಅದು ಮತ್ತು ಕಿಮೋ.

ದೊಡ್ಡವ್ವನಿಗೆ ಹರಡಿತ್ತು. ಓಣಿಯ ಮಾತು ಕೇಳಿದ್ದರೆ ಚೀಲ ಹೋಗಿ ರೋಗ ಒಳಗೇ ಉಳಿಯುತ್ತಿತ್ತು. ಈಗ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗ್ತಾಳ. ಇವತ್ತು ಇಲ್ಲೇ ಮುಂದಿನ ಸಾಲಿನಾಗ ಕುಂತಾಳ. ನಾಚಬ್ಯಾಡ, ಎಲ್ಲಾ ಹೇಳು ಅಂತ ಕಳಿಸಿದಾಕಿ ಆಕಿನೇ.