ಆ ಪ್ರಶ್ನೆ ಕೇಳುವವರು ಯಾರು?



2014ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ನನ್ನ ತಂಗಿಯ ಮಗಳು ಫೋನು ಮಾಡಿದಳು. ಧಾರವಾಡದಲ್ಲಿ ಹುಟ್ಟಿ ಬೆಳೆದ ಹುಡುಗಿ. ಕೆಲಸಕ್ಕೆಂದು ಅಲ್ಲಿಗೆ ಹೋಗಿ ಮೂರು ವರ್ಷವೂ ತುಂಬಿರಲಿಲ್ಲ. “ಮಾಮಾ, ಇಲ್ಲೆ ಸ್ವಾತಂತ್ರ್ಯದ ಓಟಿಂಗ್ ಐತಿ. ನನಗೂ ಓಟು ಕೊಟ್ಟಾರ. ಇವರ ದೇಶದ ಮಾತಿನ್ಯಾಗ ನಾ ಬಾಯಿ ಹಾಕೋದು ಸರಿ ಏನು?” ಎಂದು ಕೇಳಿದಳು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿನ ಉಪನ್ಯಾಸ ಆ ಪ್ರಶ್ನೆಯ ಬೆನ್ನು ಹತ್ತಿ ಬಂದದ್ದು.

ಸ್ಕಾಟ್ಲೆಂಡ್ ಯುದ್ಧದಲ್ಲಿ ಸೋತು ಇಂಗ್ಲೆಂಡಿನ ಕೈಸೇರಿದ ನಾಡಲ್ಲ. 1603ರಿಂದ ಎರಡಕ್ಕೂ ಒಬ್ಬನೇ ದೊರೆ. 1707ರಲ್ಲಿ ಎರಡೂ ಪಾರ್ಲಿಮೆಂಟುಗಳು ಕರಾರು ಮಾಡಿಕೊಂಡು ಒಂದಾದವು. ಪನಾಮಾದ ಡೇರಿಯನ್‌ನಲ್ಲಿ ವಸಾಹತು ಕಟ್ಟಹೋಗಿ ಸ್ಕಾಟರು ಅದಾಗಲೇ ಕೈಸುಟ್ಟುಕೊಂಡಿದ್ದರು. ಕರಾರಿನ ಮೂಲಕ ಬಂದ ಸುಮಾರು 3,98,000 ಪೌಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ನಷ್ಟ ತುಂಬಲು ಹೋಯಿತು. ಬೀದಿಯಲ್ಲಿ ನಿಂತು ಬೇಡವೆಂದು ಕೂಗಿದ ಜನರನ್ನು ಕೇಳಿದವರಿಲ್ಲ. ಆದರೂ ತಮ್ಮ ಕಾನೂನು, ಚರ್ಚು, ಶಾಲೆಗಳನ್ನು ಸ್ಕಾಟರು ಬಿಟ್ಟುಕೊಡಲಿಲ್ಲ. ಹಾಗಾಗಿ ಅವರದೊಂದು ರಾಷ್ಟ್ರವೇ ಅಲ್ಲ ಎಂಬ ವಾದ ಲಂಡನ್ನಿನಲ್ಲೂ ನಡೆಯುವುದಿಲ್ಲ. ಜಗಳ ಇರುವುದು ಬೇರೆ ಕಡೆ: ಪ್ರಶ್ನೆ ಕೇಳುವವರು ಯಾರು, ಅದರ ನಿಯಮ ಬರೆಯುವವರು ಯಾರು ಎಂಬಲ್ಲಿ.

1979ರಲ್ಲಿ ಎಡಿನ್‌ಬರೋದಲ್ಲಿ ಒಂದು ಶಾಸನಸಭೆ ಬೇಕೇ ಎಂದು ಕೇಳಲಾಯಿತು. ಮತ ಹಾಕಿದವರಲ್ಲಿ ಶೇ. 51.6 ಮಂದಿ ಬೇಕು ಎಂದರು. ಸಭೆ ಬರಲಿಲ್ಲ. ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ಶೇ. 40 ಮಂದಿ ಒಪ್ಪಬೇಕು ಎಂಬ ಷರತ್ತನ್ನು ಲಂಡನ್ನಿನ ಪಾರ್ಲಿಮೆಂಟು ಮೊದಲೇ ಸೇರಿಸಿತ್ತು, ದಕ್ಕಿದ್ದು ಶೇ. 32.9. ಮನೆಯಲ್ಲೇ ಉಳಿದವರೂ, ಪಟ್ಟಿಯಲ್ಲಿ ಹೆಸರು ಉಳಿದಿದ್ದ ಸತ್ತವರೂ ‘ಬೇಡ’ದ ಲೆಕ್ಕಕ್ಕೇ ಸೇರಿದಂತಾಯಿತು. ನಿಯಮ ಬರೆಯುವವನ ಕೈಯಲ್ಲಿ ಫಲಿತಾಂಶವೂ ಇರುತ್ತದೆ ಎಂಬುದನ್ನು ಸ್ಕಾಟರು ಅವತ್ತು ಕಲಿತರು. ಮುಂದೆ 1997ರಲ್ಲಿ ಶೇ. 74 ಮಂದಿ ಒಪ್ಪಿ, 1999ರಲ್ಲಿ ಪಾರ್ಲಿಮೆಂಟು ಬಂತು.

ಆ ಪಾರ್ಲಿಮೆಂಟಿನಲ್ಲಿ 2011ರಲ್ಲಿ, ಸ್ವಾತಂತ್ರ್ಯ ಬೇಕೆನ್ನುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ ಬಹುಮತ ಬಂದಿತು. ಮರುವರ್ಷ ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರಾನ್, ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್ ಎಡಿನ್‌ಬರೋದಲ್ಲಿ ಎದುರುಬದುರು ಕೂತು, ಸ್ವಾತಂತ್ರ್ಯದ ಬಗ್ಗೆ ಜನಮತ ಕೇಳುವ ಒಪ್ಪಂದಕ್ಕೆ ಸಹಿ ಹಾಕಿದರು. ನನಗೆ ಇದರಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಮತದಾರರ ಪಟ್ಟಿ. ‘ಜನ ತೀರ್ಮಾನಿಸಲಿ’ ಎಂಬ ಮಾತು ಸರಳ. ಆದರೆ ಜನ ಅಂದರೆ ಯಾರು ಎಂದು ಮೊದಲು ಇನ್ಯಾರೋ ತೀರ್ಮಾನಿಸಬೇಕಲ್ಲ, ಎಂದು ಬ್ರಿಟನ್ನಿನ ಸಂವಿಧಾನ ತಜ್ಞ ಐವರ್ ಜೆನ್ನಿಂಗ್ಸ್ 1956ರಲ್ಲೇ ಕೇಳಿದ್ದರು. ಸ್ಕಾಟ್ಲೆಂಡ್ ಕೊಟ್ಟ ಉತ್ತರ: ಇಲ್ಲಿ ಬಾಳುತ್ತಿರುವವರು. ರಕ್ತ, ಮನೆತನ, ಹುಟ್ಟಿದೂರು ಯಾವುದನ್ನೂ ನೋಡಲಿಲ್ಲ. ಸ್ವಾತಂತ್ರ್ಯದ ದೊಡ್ಡ ಬೆಂಬಲಿಗ, ನಟ ಶಾನ್ ಕಾನರಿ ಬಹಾಮಾಸ್‌ನಲ್ಲಿ ನೆಲೆಸಿದ್ದರಿಂದ ಅವರಿಗೆ ಮತವಿಲ್ಲ. ಕಾಮನ್‌ವೆಲ್ತ್ ಪ್ರಜೆಯಾಗಿ ಅಲ್ಲೇ ವಾಸವಿದ್ದ ನಮ್ಮ ಹುಡುಗಿಗೆ ಉಂಟು. ಹದಿನಾರು ತುಂಬಿದವರಿಗೂ ಉಂಟು. ಸಾಲಿನಲ್ಲಿ ಅವಳ ಮುಂದೆ ಶಾಲೆಯ ಸಮವಸ್ತ್ರದ ಹುಡುಗನೊಬ್ಬ ಟೈ ಸರಿಮಾಡಿಕೊಳ್ಳುತ್ತ ನಿಂತಿದ್ದನಂತೆ. ಚೀಟಿಯ ಮೇಲೆ ಇದ್ದದ್ದು ಒಂದೇ ಸಾಲು: ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ? ಕೆಳಗೆ ಎರಡು ಚೌಕ. ಹೊರಬಂದ ಹುಡುಗ ಗೋಡೆಗೆ ಒರಗಿ ಸುಮ್ಮನೆ ಸ್ವಲ್ಪ ಹೊತ್ತು ನಿಂತನಂತೆ.

ಶೇ. 84.6 ಮತದಾನವಾಗಿ, ಶೇ. 55.3 ಮಂದಿ ಬೇಡ ಎಂದರು. ಪೌಂಡು ನಮ್ಮ ಕೈಯಲ್ಲಿ ಉಳಿದೀತೇ ಎಂಬ ಅಂಜಿಕೆ ಅದರಲ್ಲಿ ಬಹಳ ಇತ್ತು. ಯುರೋಪಿನ ಒಕ್ಕೂಟದಲ್ಲಿ ಉಳಿಯಬೇಕಾದರೆ ಬ್ರಿಟನ್ನಿನಲ್ಲೇ ಇರಿ ಎಂದೂ ಸ್ವಾತಂತ್ರ್ಯ ಬೇಡವೆನ್ನುವವರು ಹೇಳಿದ್ದರು. ಎರಡೇ ವರ್ಷದಲ್ಲಿ ಬ್ರಿಟನ್ನು ಆ ಒಕ್ಕೂಟ ಬಿಡಲು ನಿಶ್ಚಯಿಸಿತು, ಸ್ಕಾಟ್ಲೆಂಡಿನ ಶೇ. 62 ಮಂದಿ ಬಿಡುವುದು ಬೇಡ ಎಂದಿದ್ದರು. ಹೊಸದಾಗಿ ಕೇಳಿ ಎಂಬ ಬೇಡಿಕೆ ನ್ಯಾಯವಾದದ್ದೆಂದೇ ನಾನು ತಿಳಿದಿದ್ದೇನೆ.

2022ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ಲಂಡನ್ನಿನ ಒಪ್ಪಿಗೆಯಿಲ್ಲದೆ ಎಡಿನ್‌ಬರೋ ಜನಮತ ಕೇಳುವಂತಿಲ್ಲ ಎಂದಿತು. ಸ್ವನಿರ್ಣಯದ ಹಕ್ಕಿನ ವಾದವನ್ನೂ ಒಪ್ಪಲಿಲ್ಲ. ಕ್ವಿಬೆಕ್ ಪ್ರಾಂತ್ಯ ಬೇರೆಯಾಗುವ ಕುರಿತು ಕೆನಡಾದ ಸುಪ್ರೀಂ ಕೋರ್ಟು 1998ರಲ್ಲಿ ಕೊಟ್ಟ ತೀರ್ಪನ್ನು ಎದುರಿಗಿಟ್ಟುಕೊಂಡು, ಬೇರೆಯಾಗುವ ಆ ಹಕ್ಕು ವಸಾಹತುಗಳಿಗೆ, ಪರರ ಹಿಡಿತಕ್ಕೆ ಸಿಕ್ಕವರಿಗೆ, ಆಡಳಿತದಲ್ಲಿ ಪಾಲೇ ಇಲ್ಲದವರಿಗೆ ಮಾತ್ರ, ಸ್ಕಾಟರು ಅಂಥವರಲ್ಲ ಎಂದಿತು. ನಮ್ಮ ದೇಶದ ನಿಲುವು ಇದಕ್ಕಿಂತ ಬಿಗಿ: 1979ರಲ್ಲಿ ಅಂತರರಾಷ್ಟ್ರೀಯ ನಾಗರಿಕ ಹಕ್ಕುಗಳ ಒಡಂಬಡಿಕೆಗೆ ಸೇರುವಾಗಲೇ, ಸ್ವನಿರ್ಣಯವೆಂಬುದು ವಿದೇಶಿ ಆಳ್ವಿಕೆಯಲ್ಲಿರುವ ಜನರಿಗೆ ಮಾತ್ರ ಎಂದು ಭಾರತ ಬರೆದುಕೊಟ್ಟಿದೆ.

ಕೋರ್ಟು ಕಾನೂನನ್ನು ಸರಿಯಾಗಿಯೇ ಓದಿತು. ಕೊರತೆ ಇರುವುದು ಕಾನೂನಿನಲ್ಲಿ. ಅದೇ ಬ್ರಿಟನ್ನು ಉತ್ತರ ಐರ್ಲೆಂಡಿಗೆ 1998ರಲ್ಲಿ ದಾರಿ ಬರೆದುಕೊಟ್ಟಿದೆ: ಬಹುಮತದವರು ಐರ್ಲೆಂಡಿಗೆ ಸೇರಬಯಸುವಂತೆ ಕಂಡರೆ ಸಚಿವರು ಜನಮತ ಕೇಳಲೇಬೇಕು, ಒಂದಕ್ಕೂ ಇನ್ನೊಂದಕ್ಕೂ ಏಳು ವರ್ಷ ಅಂತರವಿರಬೇಕು. ಮೂವತ್ತು ವರ್ಷ ಬಾಂಬು, ಬಂದೂಕು ಕಂಡ ನಾಡಿಗೆ ಈ ದಾರಿ ಸಿಕ್ಕಿತು. ಮತಪೆಟ್ಟಿಗೆಯನ್ನೇ ನಂಬಿ ಬಂದ ಸ್ಕಾಟರಿಗೆ ಸಿಗಲಿಲ್ಲ. ಈ ಮಾತು ನನ್ನನ್ನು ನಿಜವಾಗಿ ನೋಯಿಸುತ್ತದೆ. ಅಂತರ ಏಳು ವರ್ಷವೋ ಇಪ್ಪತ್ತೋ, ಚರ್ಚಿಸಲಿ. ಆದರೆ ಅದನ್ನು ಕಾನೂನಿನಲ್ಲಿ ಬರೆಯಲಿ. ಸಮವಸ್ತ್ರದ ಆ ಹುಡುಗ ಈಗ ಮೂವತ್ತರ ಹತ್ತಿರ ಬಂದಿರಬೇಕು.