ಬೇವಿನ ಗಿಡದ ಕೆಳಗಿನ ಜೀಪು ಗುಜರಿಗೆ ಹೋಗಕೂಡದು

(ಇಳಕಲ್ಲಿನಲ್ಲಿ ನೇಕಾರರು, ಗಿರಣಿ ಕಾಮಗಾರರು ಹಾಗೂ ಸಣ್ಣ ವ್ಯಾಪಾರಸ್ಥರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂದು ನಮ್ಮ ಮುಂದಿರುವ ಪ್ರಶ್ನೆ ಒಂದೇ. ಹುನಗುಂದದಲ್ಲಿ ನಮ್ಮ ಹಿರಿಯರೊಬ್ಬರ ಮನೆಯ ಹಿತ್ತಲಿನಲ್ಲಿ, ಬೇವಿನ ಗಿಡದ ಕೆಳಗೆ, 2017ರಿಂದ ನಿಂತುಬಿಟ್ಟಿರುವ ಸಮಿತಿಯ ಜೀಪನ್ನು ಗುಜರಿಯವರಿಗೆ ಮಾರಬೇಕೋ, ರಿಪೇರಿ ಮಾಡಿ ರಸ್ತೆಗೆ ಇಳಿಸಬೇಕೋ ಎಂಬುದು. ಗುಜರಿಯವರು ಬಂದು ನೋಡಿ 28,000 ರೂಪಾಯಿ ಹೇಳಿ ಹೋಗಿದ್ದಾರೆ. ಜೀಪಿನ ತೂಕ ಸುಮಾರು ಒಂದು ಟನ್ನು. ಅಂದರೆ ಕಿಲೋಕ್ಕೆ 28 ರೂಪಾಯಿ. ಉಳ್ಳಾಗಡ್ಡಿಯನ್ನು ತೂಗಿದಂತೆ ತೂಗಿದ್ದಾರೆ. ನಮ್ಮಲ್ಲಿಯೇ ಅನೇಕರು "ಬಂದಷ್ಟು ಬರಲಿ, ಪೀಡೆ ಹೋಗಲಿ" ಎನ್ನುತ್ತಾರೆ. ಸಮಿತಿಯ ಪೆಟ್ಟಿಗೆಯ ಸ್ಥಿತಿಯನ್ನು ಬಲ್ಲವರು ಆಡುವ ಮಾತು ಅದು, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಆದರೂ ಮಾರಕೂಡದೆಂದು ವಾದಿಸುವುದಕ್ಕಾಗಿಯೇ ನಾನು ಎದ್ದು ನಿಂತಿದ್ದೇನೆ.

ಈ ಜೀಪಿನ ಕುಲಗೋತ್ರವನ್ನು ತರುಣರಿಗಾಗಿ ಹೇಳಬೇಕಾಗಿದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೇರಿಕದಲ್ಲಿ ವಿಲಿಸ್ ಮತ್ತು ಫೋರ್ಡ್ ಕಂಪನಿಗಳು ಸೈನ್ಯಕ್ಕಾಗಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಕಟ್ಟಿದವು. ನಮ್ಮಲ್ಲಿ 1945ರಲ್ಲಿ ಮಹೀಂದ್ರ ಮತ್ತು ಮಹಮ್ಮದ್ ಎಂಬ ಕಂಪನಿ ಹುಟ್ಟಿತು. ಪಾಲುದಾರರಾದ ಗುಲಾಮ್ ಮಹಮ್ಮದರು ದೇಶ ಒಡೆದ ಮೇಲೆ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಅರ್ಥಮಂತ್ರಿಗಳಾದರು, 1951ರಲ್ಲಿ ಗವರ್ನರ್ ಜನರಲ್ಲರೂ ಆದರು. ಇಲ್ಲಿಯ ಕಂಪನಿ 1948ರಲ್ಲಿ ಮಹೀಂದ್ರ ಮತ್ತು ಮಹೀಂದ್ರವಾಯಿತು. 1949ರಲ್ಲಿ ಮುಂಬಯಿಯ ಮಝಗಾಂವದಲ್ಲಿ, ಹಡಗಿನಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸಿ ನಮ್ಮ ಕಾಮಗಾರರು ಜೀಪು ನಿಲ್ಲಿಸಿದರು. ನಮ್ಮದು ಅದೇ ವಂಶದ್ದು, ಸಿಜೆ-3ಬಿ ಎಂಬ ಮಾದರಿ, 1969ರಲ್ಲಿ ತಯಾರಾದುದು. ಮೂಗು ಎತ್ತರ. ಇಂಜಿನ್ನಿನ ಒಳಗಾಳಿಯ ವಾಲ್ವುಗಳು ತಲೆಯಲ್ಲಿಯೂ ಹೊಗೆಯ ವಾಲ್ವುಗಳು ಕೆಳಗಿನ ಬ್ಲಾಕಿನಲ್ಲಿಯೂ ಇರುವುದರಿಂದ ಇಂಜಿನ್ನು ಎತ್ತರವಾಯಿತು, ಅದಕ್ಕಾಗಿ ಬಾನೆಟ್ಟನ್ನೂ ಎತ್ತಬೇಕಾಯಿತು. ಮೊದಲು ಸರಕಾರಿ ಇಲಾಖೆಯೊಂದರಲ್ಲಿ ದುಡಿದು, ಲಿಲಾವಿನಲ್ಲಿ ನಮ್ಮ ಹಿರಿಯರ ಕೈಗೆ ಬಂತು. ಎಷ್ಟು ಚುನಾವಣೆಗಳಲ್ಲಿ ಸೋತಿದೆ ಎಂಬುದನ್ನು ಇಲ್ಲಿ ಎಣಿಸುವುದು ಬೇಡ.

ಹಳೆಯ ಜೀಪನ್ನು ಹೊಸದು ಮಾಡುವ ಮಾತು ಬಂದಾಗ ರಾಜಕಾರಣ ಬಲ್ಲವರಿಗೆ 1948ರ ಜೀಪು ಹಗರಣ ನೆನಪಾಗಬೇಕು. ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು, ಸೈನ್ಯಕ್ಕೆ ಜೀಪುಗಳು ತುರ್ತಾಗಿ ಬೇಕಾಗಿದ್ದವು. ಲಂಡನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿ. ಕೆ. ಕೃಷ್ಣಮೆನನ್ನರು ಪದ್ಧತಿಯನ್ನು ಬದಿಗಿಟ್ಟು ಪರದೇಶದ ಕಂಪನಿಯೊಂದರ ಜೊತೆಗೆ ಸುಮಾರು 80 ಲಕ್ಷ ರೂಪಾಯಿಯ ಕರಾರು ಮಾಡಿಕೊಂಡರು. ಯುದ್ಧದಲ್ಲಿ ಸವೆದ ಜೀಪುಗಳನ್ನು ರಿಪೇರಿ ಮಾಡಿ ಕೊಡುವುದಾಗಿ ಕಂಪನಿಯ ಮಾತು. ಬಂದಿಳಿದವು 155. ಅವೂ ಉಪಯೋಗಕ್ಕೆ ಬಾರದವು. ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು. 1955ರಲ್ಲಿ ಸರಕಾರ ಪ್ರಕರಣ ಮುಗಿಯಿತೆಂದು ಸಾರಿತು, 1956ರಲ್ಲಿ ಮೆನನ್ನರು ಕೇಂದ್ರದ ಮಂತ್ರಿಮಂಡಲ ಸೇರಿದರು.

ಇದನ್ನು ಇಲ್ಲಿ ಏಕೆ ತೆಗೆದೆನೆಂದರೆ, ನಮ್ಮ ತರುಣರಲ್ಲಿ ಕೆಲವರು ಮೊದಲು ಬಣ್ಣ ಬಳಿಯೋಣ, ದೊಡ್ಡ ಟಾಯರು ಹಾಕೋಣ, ನೋಡಿದವರು ಚಂದಾ ಕೊಡುತ್ತಾರೆ ಎನ್ನುತ್ತಿದ್ದಾರೆ. ನಮ್ಮ ಹಿರಿಯ ಮಿಸ್ತ್ರಿ ಕಾಕಾ, ತಮ್ಮ ಹೆಸರು ಪತ್ರಿಕೆಯಲ್ಲಿ ಬರಕೂಡದೆಂದು ಕಟ್ಟಪ್ಪಣೆ ಮಾಡಿದವರು, ಇದಕ್ಕೆ ಕೊಟ್ಟ ಉತ್ತರವನ್ನು ಇದ್ದಂತೆಯೇ ಹೇಳುತ್ತೇನೆ: "ಮಾಸ್ತರ್ರ, ಬಣ್ಣ ಕಡೀಕ. ಮೊದಲ ಇದು ನಿಲ್ಲೂದು ಕಲೀಲಿ, ಆಮ್ಯಾಲ ಓಡೂದು ಕಲೀಲಿ." ಬಣ್ಣ ತುಕ್ಕನ್ನು ಮುಚ್ಚುತ್ತದೆ, ತಡೆಯುವುದಿಲ್ಲ. ಕೆಳಗೆ ತುಕ್ಕು ಇದ್ದ ಪತ್ರಾದ ಮೇಲೆ ಬಳಿದ ಬಣ್ಣ ಒಂದೇ ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ.

ಈಗ ಇದುವರೆಗೆ ಆದ ಕೆಲಸದ ವರದಿ. ಹಿತ್ತಲಲ್ಲಿ ಪತ್ರಾದ ಒಂದು ಮಾಡು ಎತ್ತಿದ್ದೇವೆ. ಜೀಪಿನ ಕೆಳಗೆ ಕೂತು ಕೆಲಸ ಮಾಡಲು ನಿಮ್ಮ ಕುಣಿಮಗ್ಗದ ಹಾಗೆಯೇ ಒಂದು ಕುಣಿ ತೋಡಿದ್ದೇವೆ. ಅದನ್ನು ತೋಡಿದವರು ಇಬ್ಬರು ನೇಕಾರರೇ, ಅಳತೆ ಕೇಳಲೂ ಇಲ್ಲ. ಇಂಜಿನ್ನು ಪೂರ್ತಿ ಹಿಡಿದುಕೊಂಡಿತ್ತು. ಒಬ್ಬರು ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ಬಿಡುತ್ತದೆಂದರು. ಕಾಕಾ ಸಿಟ್ಟಾದರು. ತುಕ್ಕಿನಿಂದ ಸಿಲಿಂಡರಿಗೆ ಅಂಟಿದ ಪಿಸ್ಟನ್ನನ್ನು ಬಲವಂತವಾಗಿ ಎಳೆದರೆ ರಿಂಗು ಮುರಿಯುತ್ತದೆ, ಗೋಡೆ ಗೀಚುತ್ತದೆ, 500 ರೂಪಾಯಿಯ ಕೆಲಸ 20,000ಕ್ಕೆ ಏರುತ್ತದೆ. ಆದುದರಿಂದ ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಡೀಸೆಲ್ಲು ಮತ್ತು ಇಂಜಿನ್ ಎಣ್ಣೆಯನ್ನು ಕೂಡಿಸಿ ಒಂದೊಂದು ರಂಧ್ರಕ್ಕೆ ಅರ್ಧ ಬಟ್ಟಲು ಸುರಿದು ಬಿಟ್ಟೆವು. ದಿನಾ ಸಂಜೆ ಮುಂದಿನ ಹ್ಯಾಂಡಲ್ಲನ್ನು ಹಾಕಿ ಸ್ವಲ್ಪ ಒತ್ತಿ ನೋಡುವುದು, ಬಿಡುವುದು. ಏಳನೆಯ ದಿನ ಒಂದು ಬೆರಳಿನಷ್ಟು ಕದಲಿತು, ಹತ್ತನೆಯ ದಿನ ಪೂರ್ತಿ ಸುತ್ತು ಬಂತು. ಹ್ಯಾಂಡಲ್ಲು ತಿರುಗಿಸುವ ತರುಣರಿಗೆ ಒಂದು ಮಾತು: ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಡಿರಿ, ಹಿಡಿಕೆಯನ್ನು ಸುತ್ತಿ ಹಿಡಿಯಬೇಡಿರಿ. ಇಂಜಿನ್ನು ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತದೆ.

ಆಮೇಲೆ ತಲೆಯನ್ನು ಬಿಚ್ಚಿ, ಅಂಟಿಕೊಂಡಿದ್ದ ಎರಡು ಹೊಗೆವಾಲ್ವುಗಳನ್ನು ಎಣ್ಣೆ ಬಿಟ್ಟು ಮೆಲ್ಲಗೆ ತಟ್ಟಿ ಸಡಿಲಿಸಿದೆವು. ಪೆಟ್ರೋಲಿನ ಟಾಕಿ ಚಾಲಕನ ಆಸನದ ಕೆಳಗಿರುತ್ತದೆ. ಅದರೊಳಗಿನ ಹಳೆಯ ಪೆಟ್ರೋಲು ಅಂಟಾಗಿತ್ತು, ಕಾರ್ಬ್ಯುರೇಟರಿನ ತೂತುಗಳಲ್ಲಿಯೂ ಅದೇ ಅಂಟು. ರೇಡಿಯೇಟರಿನಲ್ಲಿ ಬೋರ್ ನೀರಿನ ಸುಣ್ಣ ಗಟ್ಟಿಯಾಗಿ ಕೂತಿತ್ತು. ಇನ್ನು ಮುಂದೆ ಇದಕ್ಕೆ ಮಳೆಯ ನೀರನ್ನು ಸೋಸಿ ಹಾಕತಕ್ಕದ್ದು. ತಂತಿಗಳನ್ನು ಇಲಿಗಳು ತಿಂದಿದ್ದವು, ಎಲ್ಲವನ್ನೂ ಕಿತ್ತು ಹೊಸದು ಎಳೆದಿದ್ದೇವೆ. ಕಳೆದ ರವಿವಾರ ಒಂದು ಬಾಟ್ಲಿ ಪೆಟ್ರೋಲಿನ ಮೇಲೆ ಇಂಜಿನ್ನು ಆರು ನಿಮಿಷ ನಡೆಯಿತು. ಹೊಗೆಗೆ ಗಿಡದ ಮೇಲಿನ ಕಾಗೆಗಳೆಲ್ಲ ಎದ್ದು ಹೋದವು. ಖರ್ಚು ಇಲ್ಲಿಯವರೆಗೆ 11,640 ರೂಪಾಯಿ, ರಸೀದಿಗಳು ಅಧ್ಯಕ್ಷರ ಮೇಜಿನ ಮೇಲಿವೆ.

ಉಳಿದಿರುವುದೇ ಮುಖ್ಯ ಕೆಲಸ, ಬ್ರೇಕು. ಈ ಜೀಪಿನ ಬ್ರೇಕಿನ ಎಣ್ಣೆಗೆ ಒಂದೇ ದಾರಿ. ನಾಲ್ಕು ಚಕ್ರಗಳಲ್ಲಿ ಯಾವ ಒಂದರ ನಳಿಗೆ ಒಡೆದರೂ ನಾಲ್ಕೂ ಚಕ್ರದ ಬ್ರೇಕು ಹೋಗುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ತೇವದಿಂದ ಸಿಲಿಂಡರು ಒಳಗಿನಿಂದ ತುಕ್ಕು ಹಿಡಿದು ರಬ್ಬರು ಕೊರೆಯುತ್ತದೆ. ಆದುದರಿಂದ ನೋಡಲು ಚೆನ್ನಾಗಿದ್ದರೂ ರಬ್ಬರು, ನಳಿಗೆ ಎಲ್ಲವೂ ಹೊಸದೇ ಬೇಕು. ಕೈಬ್ರೇಕು ಚಕ್ರದ ಮೇಲಲ್ಲ, ಗೇರ್ ಪೆಟ್ಟಿಗೆಯ ಹಿಂದಿನ ದಂಡದ ಮೇಲಿದೆ. ಅದಕ್ಕೆ ಎಣ್ಣೆ ಸೋರಿದರೆ ಅದೂ ಕೆಲಸಕ್ಕೆ ಬಾರದು. ಎರಡನೆಯದು ಚಾಸಿಯ ಹಿಂದಿನ ಅಡ್ಡಪಟ್ಟಿ. ಎರಿಮಣ್ಣು ಒಳಗೆ ಸೇರಿ ತೇವ ಹಿಡಿದು ತಿಂದುಹಾಕಿದೆ. ಕೊಳೆತ ಕಬ್ಬಿಣಕ್ಕೆ ವೆಲ್ಡಿಂಗು ಹಿಡಿಯುವುದಿಲ್ಲ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಅಲ್ಲಿಂದ ಹೊಸದನ್ನು ಸೇರಿಸಬೇಕು. ಸೀರೆಯ ಮೈಹಾಸಿಗೆ ಸೆರಗಿನ ಹಾಸನ್ನು ಎಳೆಎಳೆಗೂ ಕೊಂಡಿ ಹಾಕಿ ಕೂಡಿಸುವ ಇಳಕಲ್ಲಿನವರಿಗೆ, ಜೋಡಣೆಯ ಬಲ ಎರಡೂ ಕಡೆಯ ಎಳೆ ಗಟ್ಟಿಯಿರುವುದರಲ್ಲಿದೆ ಎಂಬುದನ್ನು ನಾನು ಕಲಿಸಬೇಕಾಗಿಲ್ಲ.

ಇಷ್ಟೆಲ್ಲ ಕಷ್ಟ ಏಕೆ, ಕಂತಿನ ಮೇಲೆ ಹೊಸದು ತರೋಣ ಎಂಬವರಿಗೆ ಉತ್ತರ ಕೊಡಬೇಕು. ಈ ತರಹದ ಹೊಸ ಗಾಡಿಗೆ ಸುಮಾರು 10 ಲಕ್ಷ ರೂಪಾಯಿ. ಅದಿರಲಿ. ಹೊಸ ಗಾಡಿ ಕೆಟ್ಟರೆ ಅದರ ರೋಗವನ್ನು ಹೇಳುವುದಕ್ಕೇ ಕಂಪನಿಯ ಕಂಪ್ಯೂಟರು ಬೇಕು. ಕಾಕಾ ಮೂರನೆಯ ಇಯತ್ತೆ ಓದಿದವರು. ಅವರ ಕಿವಿ ಈ ಇಂಜಿನ್ನಿನ ರೋಗವನ್ನು ಹೇಳುತ್ತದೆ, ಹೊಸದರ ಮುಂದೆ ಆ ಕಿವಿ ನಿರುದ್ಯೋಗಿ. 1952ರಲ್ಲಿ ಪಚಮಢಿಯ ಸಮ್ಮೇಳನದಲ್ಲಿ ಡಾ. ಲೋಹಿಯಾ ಅವರು ಸಣ್ಣ ಯಂತ್ರದ ವಿಚಾರವನ್ನು ಮಂಡಿಸಿದರು. ಅವರ ಮನಸ್ಸಿನಲ್ಲಿದ್ದುದು ಕಡಿಮೆ ಬಂಡವಾಳದಿಂದ ಊರೂರಿನಲ್ಲಿ ನಡೆಯುವ ಯಂತ್ರ. ಜೀಪು ದೊಡ್ಡ ಬಂಡವಾಳದ ಕಾರಖಾನೆಯ ಕೂಸು, ಅದನ್ನು ಲೋಹಿಯಾವಾದಿ ಎನ್ನುವುದು ಅತಿಯಾದೀತು. ಆದರೆ ಹುಟ್ಟಿದ ಮನೆ ಯಾವುದಿದ್ದರೂ, ಬಿಚ್ಚಿ ಜೋಡಿಸುವ ಅಧಿಕಾರ ದುಡಿಯುವವನ ಕೈಯಲ್ಲಿ ಉಳಿದಿರುವ ಯಂತ್ರವಿದು. ನಿಮ್ಮ ಮಗ್ಗ ಕೆಟ್ಟರೆ ನೀವೇ ಸರಿಮಾಡಿಕೊಳ್ಳುತ್ತೀರಿ. ಆ ಅಧಿಕಾರ ಹೋದ ದಿನ ನೀವು ಮಗ್ಗದ ಒಡೆಯರಲ್ಲ, ಮಗ್ಗದ ಗಿರಾಕಿಗಳು.

ಕಾಯದೆಯ ವಿಷಯ. 15 ವರ್ಷವಾದ ಗಾಡಿಯನ್ನು ಸರಕಾರ ಕಸಿದುಕೊಳ್ಳುತ್ತದೆಂದು ಗುಜರಿಯವರು ಹೆದರಿಸಿದ್ದಾರೆ. 2023ರ ಏಪ್ರಿಲ್ 1ರಿಂದ ನೋಂದಣಿ ರದ್ದಾದುದು ಸರಕಾರದ ಸ್ವಂತ ಹಳೆಯ ಗಾಡಿಗಳದು. ನಮ್ಮಂಥ ಖಾಸಗಿ ಗಾಡಿ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ ಉಂಟು. ಆದರೆ ಶುಲ್ಕವನ್ನು ನೋಡಿರಿ: ಮೊದಲು 600 ರೂಪಾಯಿ ಇದ್ದುದು 2022ರ ಏಪ್ರಿಲಿನಿಂದ 5,000 ಆಯಿತು, 20 ವರ್ಷ ದಾಟಿದವಕ್ಕೆ 2025ರ ಆಗಸ್ಟಿನಲ್ಲಿ 10,000 ಆಯಿತು. ತಡಮಾಡಿದ ಪ್ರತಿ ತಿಂಗಳಿಗೆ ಮತ್ತೆ 500. ನಮ್ಮ ಕಾಗದ 2021ರಲ್ಲಿಯೇ ಮುಗಿದಿರುವುದರಿಂದ ಆ ದಂಡವೊಂದೇ 20,000 ದಾಟಿದೆ. ಬಡವನ ಹಳೆಯ ಗಾಡಿಯನ್ನು ಕೈಯಿಂದ ಕಸಿಯಬೇಕಿಲ್ಲ, ಶುಲ್ಕದಿಂದಲೇ ಹೊರದಬ್ಬಬಹುದು. 50 ವರ್ಷ ದಾಟಿದವಕ್ಕೆ 2021ರಲ್ಲಿ ಮಾಡಿದ ವಿಂಟೇಜ್ ನಿಯಮ ಬೇರೆ ಇದೆ. ಅದರಂತೆ ಬರೆಸಿದರೆ ಪ್ರದರ್ಶನಕ್ಕೆ ಒಯ್ಯಬಹುದು, ದಿನದ ಕೆಲಸಕ್ಕೆ ಓಡಿಸುವಂತಿಲ್ಲ. ಶ್ರೀಮಂತರ ಷೋಕಿಗೆ ಅದು ಸರಿ, ನಮಗೆ ಬೇಡ. ಡೀಸೆಲ್ ಇಂಜಿನ್ನು ಕೂಡಿಸೋಣ ಎಂಬವರು ಗಮನಿಸಬೇಕು: ಕಂಪನಿಯ ಮೂಲರಚನೆಯನ್ನು ಮನಬಂದಂತೆ ಬದಲಿಸಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಳೆಯ ಇಂಜಿನ್ನೇ ಇರಲಿ.

ಪೆಟ್ರೋಲಿನ ಒಂದು ತೊಡಕನ್ನೂ ಹೇಳಿಬಿಡುತ್ತೇನೆ. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಇಥೆನಾಲ್ ಸೇರಿತು. ನಮ್ಮ ಮುಧೋಳ, ಜಮಖಂಡಿಯ ಕಬ್ಬು ಹೀಗೆ ನಮ್ಮ ಟಾಕಿಗೇ ಬರುತ್ತದೆ. ಆದರೆ ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲಿನ ನಳಿಗೆ ಮತ್ತು ಪಂಪಿನ ಪೊರೆಯನ್ನು ಹೊಸ ಜಾತಿಯ ರಬ್ಬರಿನಿಂದ ಹಾಕಬೇಕು, ತಿಂಗಳುಗಟ್ಟಲೆ ಟಾಕಿಯಲ್ಲಿ ಪೆಟ್ರೋಲು ಬಿಡಕೂಡದು.

ಜೀಪು ಓಡಿ ಮಾಡುವುದೇನು? 2019ರ ಆಗಸ್ಟಿನಲ್ಲಿ ಮಲಪ್ರಭೆ ಬಂದು ಪಟ್ಟದಕಲ್ಲಿನ ಗುಡಿಗಳೊಳಗೆ ನೀರು ನುಗ್ಗಿದಾಗ, ಬಾದಾಮಿ ಮತ್ತು ಹುನಗುಂದ ತಾಲೂಕುಗಳ ಹೊಳೆದಂಡೆಯ ಊರುಗಳಿಗೆ ನಾವು ರೊಟ್ಟಿಯ ಗಂಟನ್ನು ತಲೆಯ ಮೇಲೆ ಹೊತ್ತು ಎರಿಯ ಕೆಸರಿನಲ್ಲಿ ನಡೆದೆವು. ಬಾಡಿಗೆಯ ಟೆಂಪೋಗಳು ಡಾಂಬರು ಮುಗಿದಲ್ಲಿಯೇ ನಿಂತವು. ನಾಲ್ಕೂ ಚಕ್ರ ತಿರುಗುವ ಈ ಜೀಪು ಆಗ ಬೇವಿನ ಗಿಡದ ಕೆಳಗೆ ಇತ್ತು. ನೆರೆ ಮತ್ತೆ ಬರುತ್ತದೆ. ನೆರೆಯಿಲ್ಲದ ದಿನಗಳಲ್ಲಿ ಸೊಸೈಟಿಯ ನೂಲನ್ನು ಹಳ್ಳಿಯ ಮಗ್ಗಗಳಿಗೆ ಮುಟ್ಟಿಸುವುದು, ಬಾಗಲಕೋಟೆಯ ದವಾಖಾನೆಗೆ ರಾತ್ರಿ ಹೊತ್ತು ಯಾರನ್ನಾದರೂ ಒಯ್ಯುವುದು, ಇವು ಸಣ್ಣ ಕೆಲಸಗಳಲ್ಲ. ಬಾಡಿಗೆ ಮಾತ್ರ ತೆಗೆದುಕೊಳ್ಳುವಂತಿಲ್ಲ, ಅದು ಕಾಯದೆಗೆ ವಿರುದ್ಧ.

ಇನ್ನೂ ಬೇಕಾದ ಹಣ, ಕಾಗದಪತ್ರ ಹಾಗೂ ಟಾಯರು ಸೇರಿ, ಸುಮಾರು 80,000. ಇಷ್ಟನ್ನು ನಗದಾಗಿ ಕೇಳುತ್ತಿಲ್ಲ. ಬ್ರೇಕಿನ ಡ್ರಮ್ಮುಗಳನ್ನು ಲೇಥಿಗೆ ಹಾಕಿ ಒಂದು ಪದರು ತೆಗೆದುಕೊಡಲು ಇಲ್ಲಿಯ ಲೇಥಿನವರೊಬ್ಬರು ಒಪ್ಪಿದ್ದಾರೆ. ಅಂಗಡಿಕಾರ ಮಿತ್ರರು ರವಿವಾರದ ಊಟದ ಜೋಳ, ಬೇಳೆ ವಹಿಸಿಕೊಂಡರೆ ಸಾಕು. ಗಿರಣಿಯ ಫಿಟ್ಟರುಗಳು ಪಾಳಿ ಮುಗಿಸಿ ಎರಡು ತಾಸು ಬರಲಿ. ಈಗ ಅಧ್ಯಕ್ಷರು ಠರಾವನ್ನು ಮತಕ್ಕೆ ಹಾಕುತ್ತಾರೆ. ಪಾಸಾದರೆ ಬರುವ ರವಿವಾರ ಮುಂಜಾನೆ ಎಂಟಕ್ಕೆ ಹುನಗುಂದದಲ್ಲಿ ಕೂಡೋಣ. ಜೀಪಿನ ನಟ್ಟುಗಳೆಲ್ಲ ಇಂಚಿನ ಅಳತೆಯವು, ಮಿಲಿಮೀಟರಿನ ಪಾನಾ ಹಾಕಿದರೆ ಮೂಲೆ ಸವೆಯುತ್ತವೆ. ಮನೆಯಲ್ಲಿ ಹಿರಿಯರ ಕಾಲದ 7/16, 1/2, 9/16, 3/4ರ ಪಾನಾಗಳಿದ್ದರೆ ಹುಡುಕಿ ತನ್ನಿರಿ. ಅವುಗಳ ಮೇಲೆ ನಿಮ್ಮ ಗುರುತು ಕೊರೆಸಿಕೊಂಡು ಬನ್ನಿರಿ, ಕಳೆದ ವಾರ ಎರಡು ಪಾನಾ ಅದಲುಬದಲಾಗಿವೆ.